ಅಕ್ಷರಗಳಿಂದ ಕಟ್ಟಿದ ಊರು



ಕಳೆದ ವರ್ಷ ತ್ರೈಮಾಸಿಕ ಪರೀಕ್ಷೆ ಹತ್ತಿರವಾಗಿದ್ದಾಗ, ಒಂದು ಸೋಮವಾರ ಬೆಳಿಗ್ಗೆ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ತಾಯಿ ನಮ್ಮನ್ನು ಕಾಣಲು ಶಾಲೆಗೆ ಬಂದರು. ಅವರು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಹೊಲಿಗೆ ಕೆಲಸ ಮಾಡುವವರು. ಶನಿವಾರ ಕೈಗೆ ಬಂದ ವಾರದ ಸಂಬಳದಲ್ಲಿ 1,800 ರೂಪಾಯಿ ಭಾನುವಾರ ಸಂಜೆಗೆ ಕಾಣೆಯಾಗಿತ್ತು. ಮಗನು ಮೊಬೈಲಿನ ಆಟವೊಂದರಲ್ಲಿ ತನ್ನ ಬೊಂಬೆಗೆ ಅಂಗಿ, ಟೋಪಿ, ಕತ್ತಿ ಕೊಂಡಿದ್ದನು. ಆ ತಾಯಿ ಅಳಲಿಲ್ಲ, ಕೂಗಾಡಲಿಲ್ಲ. ಒಂದೇ ಒಂದು ಮಾತು ಕೇಳಿದರು: "ಸಾರ್, ನಾನು ದಿನಾ ಬಟ್ಟೆ ಹೊಲಿಯೋಳು. ಇಲ್ಲದ ಬಟ್ಟೆಗೂ ದುಡ್ಡು ಕೊಡೋರು ಇರ್ತಾರಾ?"

ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದವರು ಮಾಡುವುದನ್ನೇ ನಾವೂ ಮಾಡಿದೆವು. ಹುಡುಗನನ್ನು ಕರೆಸಿ ಚೆನ್ನಾಗಿ ಗದರಿದೆವು. ಅವನು ತಲೆ ತಗ್ಗಿಸಿ ನಿಂತವನು, ಕೊನೆಗೆ ಮೆಲ್ಲಗೆ, "ಸಾರ್, ನೀವು ಯಾವತ್ತಾದರೂ ಆಡಿದ್ದೀರಾ?" ಎಂದನು. ನಾವು ಆಡಿರಲಿಲ್ಲ.

ತಾಯಿಯದೊಂದು ಪ್ರಶ್ನೆ, ಮಗನದೊಂದು ಪ್ರಶ್ನೆ. ಇವೆರಡಕ್ಕೂ ಉತ್ತರ ಹುಡುಕುತ್ತ ಹೋದ ನಮಗೆ, ಇಂದಿನ ಚಿತ್ರಮಯವಾದ ಮೊಬೈಲ್ ಆಟಗಳಲ್ಲಿ ಹಲವುಗಳ ಬೇರು ಒಂದೇ ಒಂದು ಚಿತ್ರವೂ ಇಲ್ಲದ ಆಟದಲ್ಲಿದೆ ಎಂಬುದು ತಿಳಿದು ಆಶ್ಚರ್ಯವಾಯಿತು. ಬರಿಯ ಬರಹದಿಂದ, ಹತ್ತಾರು ಜನ ಒಟ್ಟಿಗೆ ಕೂಡಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟವದು. ಅದರ ಸೊಗಸೇನು, ಅದರ ವ್ಯಾಪಾರವೇನು ಎಂಬುದನ್ನು ಈ ಪಾಠದಲ್ಲಿ ಅರಿಯೋಣ.

1. ಆಟ ಹುಟ್ಟಿದ ಬಗೆ

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿಯಿದ್ದನು. ಅಂದಿನ ಗಣಕಯಂತ್ರವೆಂದರೆ ಒಂದು ಕೋಣೆಯನ್ನೇ ತುಂಬುವಂಥದು. ಒಂದೇ ಯಂತ್ರಕ್ಕೆ ಹಲವು ಕೀಲಿಮಣೆಗಳನ್ನು ಜೋಡಿಸಿ, ಹಲವರು ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಟ್ರಬ್‌ಶಾ ಆ ಯಂತ್ರದೊಳಗೆ ಒಂದು ಕಲ್ಪನೆಯ ಊರನ್ನು ಬರೆದನು. ಆಡುವವರು ಬೇರೆ ಬೇರೆ ಕೀಲಿಮಣೆಗಳ ಮುಂದೆ ಕುಳಿತಿದ್ದರೂ, ಆ ಊರಿನಲ್ಲಿ ಪರಸ್ಪರ ಎದುರಾಗಬಹುದಿತ್ತು, ಮಾತನಾಡಬಹುದಿತ್ತು, ಜಗಳವನ್ನೂ ಆಡಬಹುದಿತ್ತು. ಇದಕ್ಕೆ 'ಮಲ್ಟಿ ಯೂಸರ್ ಡಂಜನ್', ಚಿಕ್ಕದಾಗಿ 'ಮಡ್' ಎಂದು ಹೆಸರಾಯಿತು. ಹಲವರು ಸೇರಿ ಆಡುವ ನೆಲಮಾಳಿಗೆ ಎಂದು ಇದರ ಭಾವ. 1980ರಲ್ಲಿ ಇದರ ಹೊಣೆಯನ್ನು ರಿಚರ್ಡ್ ಬಾರ್ಟಲ್ ಎಂಬ ಇನ್ನೊಬ್ಬ ವಿದ್ಯಾರ್ಥಿ ವಹಿಸಿಕೊಂಡು ಪೂರ್ಣಗೊಳಿಸಿದನು.

ಆಡುವ ಕ್ರಮ ಸರಳ. ಪರದೆಯ ಮೇಲೆ ಒಂದು ಸ್ಥಳದ ವರ್ಣನೆ ಬರುತ್ತದೆ. ಆಡುವವನು ಒಂದೆರಡು ಪದಗಳಲ್ಲಿ ತನ್ನ ಕ್ರಿಯೆಯನ್ನು ಬರೆಯುತ್ತಾನೆ: "ಉತ್ತರಕ್ಕೆ ಹೋಗು", "ದೀಪ ತೆಗೆದುಕೋ". ಯಂತ್ರವು ಅದರ ಫಲವನ್ನು ಬರಹದಲ್ಲೇ ತಿಳಿಸುತ್ತದೆ. ಅಲ್ಲಲ್ಲಿ ಅಡಗಿದ ನಿಧಿಗಳನ್ನು ಹುಡುಕಿ ತಂದು ಒಂದು ಜೌಗಿನಲ್ಲಿ ಹಾಕಿದರೆ ಅಂಕ. ಅಂಕ ಹೆಚ್ಚಿದಂತೆ ಮೆಟ್ಟಿಲು ಮೆಟ್ಟಿಲಾಗಿ ಪದವಿ ಏರುತ್ತದೆ. ಕೊನೆಯ ಮೆಟ್ಟಿಲು ಮಾಂತ್ರಿಕನ ಪದವಿ. ಅಲ್ಲಿಗೆ ಏರಿದವನಿಗೆ ಆಟವನ್ನೇ ನಡೆಸುವ ಶಕ್ತಿ ದೊರೆಯುತ್ತಿತ್ತು.

ಈ ಮೆಟ್ಟಿಲುಗಳ ಹಿಂದೆ ಒಂದು ಉದ್ದೇಶವಿತ್ತು. ತಾವಿಬ್ಬರೂ ಸಾಮಾನ್ಯ ದುಡಿಯುವ ಮನೆತನಗಳಿಂದ ಬಂದವರೆಂದೂ, ಹುಟ್ಟಿನಿಂದಲ್ಲದೆ ಸ್ವಂತ ಸಾಮರ್ಥ್ಯದಿಂದಲೇ ಮೇಲೇರಬಹುದಾದ ಒಂದು ಜಗತ್ತನ್ನು ಕಟ್ಟಬಯಸಿದೆವೆಂದೂ ಬಾರ್ಟಲ್ ಮುಂದೆ ಹೇಳಿದ್ದಾರೆ. ಇಂದು ನಿಮ್ಮ ಮೊಬೈಲ್ ಆಟದಲ್ಲಿ 'ಲೆವೆಲ್' ಏರಿತು ಎಂದು ಕುಣಿಯುತ್ತೀರಲ್ಲ, ಆ ಕುಣಿತದ ಹಿಂದೆ ಇಂಥದೊಂದು ಕನಸಿತ್ತೆಂಬುದನ್ನು ನೆನಪಿಡಿ.

2. ಚಿತ್ರವಿಲ್ಲದೆ ಸೊಗಸೆಲ್ಲಿ?

"ಚಿತ್ರವೇ ಇಲ್ಲದಿದ್ದರೆ ನೋಡುವುದೇನನ್ನು ಸಾರ್?" ಎಂದು ನೀವು ಕೇಳಬಹುದು. ನಮ್ಮ ಕೊಂಗುನಾಡಿನಲ್ಲಿ ಅಣ್ಣನ್ಮಾರ್ ಕಥೆಯನ್ನು ಉಡುಕ್ಕೈ ಬಾರಿಸುತ್ತ ರಾತ್ರಿಗಟ್ಟಲೆ ಹಾಡುವ ಪರಂಪರೆ ಇದೆಯಲ್ಲವೆ? ಹಾಡುವವನ ಹಿಂದೆ ಕಾಡಿನ ಪರದೆಯಿಲ್ಲ, ಕುದುರೆಯಿಲ್ಲ. ಆದರೂ ಕೇಳುವವರಿಗೆ ಪೊನ್ನರ್-ಶಂಕರರ ಕಾಡೂ ಕುದುರೆಯೂ ಕಣ್ಣಿಗೆ ಕಟ್ಟುತ್ತವೆ. ಒಬ್ಬೊಬ್ಬರ ಕಣ್ಣಿನಲ್ಲಿ ಒಂದೊಂದು ಬಣ್ಣದ ಕುದುರೆ! ಚಿತ್ರ ಬರೆದು ತೋರಿಸಿದ್ದರೆ ಎಲ್ಲರಿಗೂ ಒಂದೇ ಕುದುರೆ ಸಿಗುತ್ತಿತ್ತು.

ಇನ್ನೂ ಹತ್ತಿರದ ಹೋಲಿಕೆ ಕಾಸರಗೋಡಿನ ಕಡೆಯ ಕನ್ನಡಿಗರಲ್ಲಿದೆ. ಅದೇ ತಾಳಮದ್ದಳೆ. ಯಕ್ಷಗಾನದ ಪ್ರಸಂಗವೇ ಆದರೂ ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ಇದರ ಕೂಟಗಳು ಹೆಚ್ಚು. ಭಾಗವತರು ಪದ್ಯ ಹಾಡುತ್ತಾರೆ; ಅರ್ಥಧಾರಿಗಳು ಸಾದಾ ಪಂಚೆ-ಶಾಲಿನಲ್ಲಿ ಕುಳಿತಲ್ಲಿಯೇ ಕರ್ಣನಾಗಿ, ಕೃಷ್ಣನಾಗಿ ಮಾತನಾಡುತ್ತಾರೆ. ಮಾತು ಮೊದಲೇ ಬರೆದದ್ದಲ್ಲ. ಎದುರಾಳಿ ಏನು ಕೇಳುವನೋ ತಿಳಿಯದು; ಕೇಳಿದ ಕ್ಷಣವೇ ಪಾತ್ರಕ್ಕೆ ತಕ್ಕ ಉತ್ತರ ಹೊಳೆಯಬೇಕು. ಆದ್ದರಿಂದ ಒಂದೇ ಪ್ರಸಂಗ ಹತ್ತು ರಾತ್ರಿ ನಡೆದರೆ ಹತ್ತು ಬಗೆ.

ಉಡುಕ್ಕೈ ಕಥೆಯಲ್ಲಿ ನಾವು ಕೇಳುಗರು ಮಾತ್ರ. ತಾಳಮದ್ದಳೆಯಲ್ಲಿ ಕೆಲವರು ಪಾತ್ರಧಾರಿಗಳು, ಉಳಿದವರು ಕೇಳುಗರು. ಬರಹದ ಆಟದಲ್ಲಾದರೋ ಬಂದವರೆಲ್ಲರೂ ಪಾತ್ರಧಾರಿಗಳೇ. ಮುಖ ಕಾಣದು, ಬಟ್ಟೆ ಕಾಣದು, ವಯಸ್ಸು ಕಾಣದು. ಕಾಣುವುದು ಬರೆದ ಮಾತು ಒಂದೇ. ಇದರಿಂದ ಸಂಕೋಚದವನಿಗೂ ಧೈರ್ಯ ಬರುತ್ತದೆ. ಕಣ್ಣು ಕಾಣದವರು ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ, ಕಣ್ಣುಳ್ಳವರಿಗೆ ಸಮಾನರಾಗಿ ಇಂಥ ಆಟಗಳನ್ನು ಆಡುತ್ತಾರೆ ಎಂಬುದು ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. ಮುಖ ಕಾಣದಿರುವುದರಲ್ಲಿ ಅಪಾಯವೂ ಉಂಟು. ಆ ಮಾತನ್ನು ಮುಂದೆ ಹೇಳುತ್ತೇವೆ.

ಜನ ಏಕೆ ಆಡುತ್ತಾರೆಂಬುದನ್ನು ಬಾರ್ಟಲ್ ಅವರೇ 1996ರಲ್ಲಿ ಒಂದು ಲೇಖನದಲ್ಲಿ ವಿಂಗಡಿಸಿದರು. ಆಡುವವರು ನಾಲ್ಕು ಬಗೆ: ಅಂಕ, ಪದವಿಗಳನ್ನು ಗಳಿಸಬಯಸುವ ಸಾಧಕರು, ಮೂಲೆಮೂಲೆಯನ್ನೂ ಹುಡುಕಿ ನೋಡುವ ಅನ್ವೇಷಕರು, ಸ್ನೇಹಕ್ಕಾಗಿ, ಮಾತಿಗಾಗಿ ಬರುವ ಸ್ನೇಹಪ್ರಿಯರು, ಇತರರನ್ನು ಸೋಲಿಸಿ, ಕಾಡಿ ಸಂತೋಷಪಡುವ ಕಾಳಗಪ್ರಿಯರು. ನಮ್ಮ ಶಾಲೆಯ ಆಟದ ಬಯಲಿನಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಈ ನಾಲ್ಕೂ ಬಗೆಯವರು ಸಿಗುತ್ತಾರೆ!

3. ನಮ್ಮ ತರಗತಿಯ ಪ್ರಯೋಗ

"ನೀವು ಆಡಿದ್ದೀರಾ?" ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಐಪ್ಪಸಿ ತಿಂಗಳ ಒಂದು ಮಧ್ಯಾಹ್ನ ಜೋರು ಮಳೆ; ವಿದ್ಯುತ್ ಹೋಗಿತ್ತು. ವ್ಯಾಕರಣ ಪುಸ್ತಕವನ್ನು ಮುಚ್ಚಿ ನಾವೇ ಗಣಕಯಂತ್ರವಾಗಿ ಕುಳಿತೆವು. ಪ್ರತಿಯೊಬ್ಬರ ಕೈಗೂ ಚೀಟಿ ಕೊಟ್ಟು ಹೀಗೆಂದೆವು: "ನೀವು ಸಿರುಮುಗೈಯ ಹಳೆಯ ಮನೆಯೊಂದರಲ್ಲಿದ್ದೀರಿ. ಕತ್ತಲೆ. ಎದುರಿಗೆ ಕುಳಿಮಗ್ಗ. ಮಗ್ಗದ ಮೇಲೆ ಅರ್ಧ ನೆಯ್ದ ರೇಷ್ಮೆ ಸೀರೆ. ನೇಯುತ್ತಿದ್ದವರು ಕಾಣುತ್ತಿಲ್ಲ. ಮೂಲೆಯಲ್ಲಿ ಬೀಗ ಹಾಕಿದ ಪೆಟ್ಟಿಗೆ. ಏನು ಮಾಡುವಿರಿ?"

ತರಗತಿಯಲ್ಲಿ ಎಂದೂ ಬಾಯಿ ಬಿಡದ ಒಬ್ಬ ಹುಡುಗಿಯ ಚೀಟಿ ಮೊದಲು ಬಂತು: "ದೀಪ ಹಚ್ಚು." ನಾವೆಂದೆವು, "ಬೆಂಕಿಪೆಟ್ಟಿಗೆ ಇಲ್ಲ." ಇನ್ನೊಂದು ಚೀಟಿ: "ಪಕ್ಕದ ಮನೆ ಅಜ್ಜಿಯನ್ನು ಕೇಳು." ಹಾಗೆ ಅಜ್ಜಿ ಹುಟ್ಟಿದಳು, ಅಜ್ಜಿಯ ಪಾತ್ರವನ್ನು ಇನ್ನೊಬ್ಬಳು ವಹಿಸಿಕೊಂಡಳು. ನಲವತ್ತು ನಿಮಿಷ ಕಳೆದು ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ, ನಮಗೂ ಕೂಡ. ಆಡಿದವನಿಗೇ ಗೊತ್ತು ಆಟದ ಸೆಳೆತ.

ಅಂದು ವ್ಯಾಕರಣವನ್ನೂ ಬಿಡಲಿಲ್ಲವೆನ್ನಿ. "ಕೀಲಿಯಿಂದ ಪೆಟ್ಟಿಗೆಯನ್ನು ತೆರೆ", "ಪೆಟ್ಟಿಗೆಯಿಂದ ಹಣತೆಯನ್ನು ತೆಗೆ" ಎಂದು ಎರಡು ಚೀಟಿಗಳು ಬಂದವು. ಎರಡರಲ್ಲೂ 'ಇಂದ' ಎಂಬುದೇ ಪ್ರತ್ಯಯ. ಮೊದಲನೆಯದರಲ್ಲಿ ಕೀಲಿ ಸಾಧನ. ಎರಡನೆಯದರಲ್ಲಿ ಪೆಟ್ಟಿಗೆ ವಸ್ತುವು ಹೊರಬರುವ ಸ್ಥಳ. ಮನುಷ್ಯನಿಗೆ ಇದು ತಾನಾಗಿ ತಿಳಿಯುತ್ತದೆ. ಯಂತ್ರಕ್ಕೆ ಕನ್ನಡದಲ್ಲಿ ಆಡಲು ಕಲಿಸುವವನು ಈ ಭೇದವನ್ನು ಬಿಡಿಸಿ ಹೇಳಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಕ್ರಿಯೆ ಮೊದಲು, ವಸ್ತು ಆಮೇಲೆ. ನಮ್ಮಲ್ಲಿ ವಸ್ತು ಮೊದಲು, ಕ್ರಿಯೆ ಕೊನೆಗೆ. ವಿಭಕ್ತಿ ಪ್ರತ್ಯಯಗಳನ್ನು ಏಕೆ ಕಲಿಯಬೇಕೆಂದು ಪ್ರತಿವರ್ಷ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ದೊರಕಿಲ್ಲ.

4. ವ್ಯಾಪಾರದ ನಾಲ್ಕು ದಾರಿಗಳು

ಇನ್ನು ತಾಯಿಯ ಪ್ರಶ್ನೆಗೆ ಬರೋಣ. ಈ ಆಟಗಳಿಂದ ಹಣ ಹೇಗೆ ಬರುತ್ತದೆ? ನಾಲ್ಕು ದಾರಿಗಳಿವೆ.

ಮೊದಲನೆಯದು ಗಂಟೆಯ ಬಾಡಿಗೆ. ಹಿಂದೆ ನಮ್ಮೂರುಗಳಲ್ಲಿ ಗಂಟೆಗಿಷ್ಟೆಂದು ಸೈಕಲ್ ಬಾಡಿಗೆಗೆ ಸಿಗುತ್ತಿತ್ತಲ್ಲ, ಹಾಗೆ. 1985ರಲ್ಲಿ ಅಮೆರಿಕದ ಕಂಪ್ಯೂಸರ್ವ್ ಎಂಬ ಜಾಲಸಂಸ್ಥೆಯಲ್ಲಿ 'ಐಲೆಂಡ್ಸ್ ಆಫ್ ಕೆಸ್ಮಾಯ್' ಎಂಬ ಆಟ ಆರಂಭವಾಯಿತು. ಅಕ್ಷರ, ಚಿಹ್ನೆಗಳಿಂದಲೇ ನಕ್ಷೆ ಬರೆದು ತೋರಿಸುತ್ತಿದ್ದ ಆ ಆಟಕ್ಕೆ, ದೂರವಾಣಿ ಸಂಪರ್ಕದ ವೇಗಕ್ಕೆ ತಕ್ಕಂತೆ ಗಂಟೆಗೆ 6 ಡಾಲರ್ ಅಥವಾ 12 ಡಾಲರ್ ತೆರಬೇಕಿತ್ತು. ವಾರಕ್ಕೆ ಹತ್ತು ಗಂಟೆ ಆಡುವವನು ಕಡಿಮೆ ದರದಲ್ಲಿಯೇ ನಾಲ್ಕು ವಾರಕ್ಕೆ 240 ಡಾಲರ್ ಕೊಡಬೇಕು! ಇಲ್ಲಿ ಒಂದು ಸೂಕ್ಷ್ಮವಿದೆ. ಗಂಟೆಗೆ ಹಣ ಪಡೆಯುವವನಿಗೆ ನೀವು ಬೇಗ ಗೆದ್ದು ಮನೆಗೆ ಹೋದರೆ ನಷ್ಟ. ಆಟವನ್ನು ಎಳೆದಷ್ಟೂ ಅವನಿಗೆ ಲಾಭ.

ಎರಡನೆಯದು ತಿಂಗಳ ಚಂದಾ. ಪತ್ರಿಕೆಗೆ ಚಂದಾ ಕಟ್ಟಿದಂತೆ, ಎಷ್ಟು ಓದಿದರೂ ಬೆಲೆ ಒಂದೇ. 1996ರ ಡಿಸೆಂಬರಿನಲ್ಲಿ ಅಮೆರಿಕ ಆನ್‌ಲೈನ್ ಎಂಬ ದೊಡ್ಡ ಸಂಸ್ಥೆಯು ಗಂಟೆಯ ಲೆಕ್ಕವನ್ನು ಬಿಟ್ಟು, ತಿಂಗಳಿಗೆ 19.95 ಡಾಲರ್ ಎಂಬ ಒಂದೇ ದರಕ್ಕೆ ಬಂದಿತು. ಗಂಟೆಯ ಬಾಡಿಗೆಯಲ್ಲಿ ಪಾಲು ಪಡೆಯುತ್ತಿದ್ದ ಆಟದ ಸಂಸ್ಥೆಗಳು ಬೇರೆ ದಾರಿ ಹುಡುಕಬೇಕಾಯಿತು. 'ಜೆಮ್‌ಸ್ಟೋನ್' ಎಂಬ ಬರಹದ ಆಟವನ್ನು ನಡೆಸುವ ಸಿಮುಟ್ರಾನಿಕ್ಸ್ ಸಂಸ್ಥೆಯು ತನ್ನದೇ ಜಾಲತಾಣ ತೆರೆದು ಚಂದಾ ಪಡೆಯತೊಡಗಿತು.

ಮೂರನೆಯದು ಜಾತ್ರೆಯ ದಾರಿ. ಜಾತ್ರೆಗೆ ಪ್ರವೇಶ ಬಿಟ್ಟಿ. ಒಳಗೆ ಬಳೆಗೂ ದುಡ್ಡು, ತೊಟ್ಟಿಲಿಗೂ ದುಡ್ಡು. 1997ರಲ್ಲಿ ಮ್ಯಾಟ್ ಮಿಹಾಲಿ ಎಂಬವರು ಆರಂಭಿಸಿದ 'ಅಕೇಯ' ಎಂಬ ಬರಹದ ಆಟವು ಈ ದಾರಿಯಲ್ಲಿ ಮೊದಮೊದಲು ನಡೆದವುಗಳಲ್ಲಿ ಒಂದು. ಆಡಲು ಹಣವಿಲ್ಲ, ಆಟದೊಳಗಿನ ಆಯುಧ, ವಿದ್ಯೆ, ಒಡವೆಗಳಿಗೆ ನಿಜವಾದ ಹಣ. ನೆನಪಿಡಿ, ಅಲ್ಲಿ ಚಿತ್ರವೇ ಇಲ್ಲ. 'ಬಂಗಾರದ ಕತ್ತಿ' ಎಂಬ ಎರಡು ಪದಗಳಿಗೇ ಜನ ಹಣ ಕೊಟ್ಟರು! ನಮ್ಮ ಹುಡುಗ ಅಂಗಿ ಕೊಂಡದ್ದೂ ಈ ಜಾತ್ರೆಯ ದಾರಿಯಲ್ಲಿಯೇ.

ನಾಲ್ಕನೆಯದು ಸೇವೆಯ ದಾರಿ. 1990ರ ಸುಮಾರಿಗೆ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಐವರು ವಿದ್ಯಾರ್ಥಿಗಳು 'ಡಿಕುಮಡ್' ಎಂಬ ಆಟವನ್ನು ಬರೆದು ಎಲ್ಲರಿಗೂ ಹಂಚಿದರು. ಯಾರು ಬೇಕಾದರೂ ನಡೆಸಬಹುದು, ಆದರೆ ಅದರಿಂದ ಲಾಭ ಮಾಡಬಾರದು ಎಂಬುದು ಅವರ ಒಂದು ಮುಖ್ಯ ಷರತ್ತು. ಅದರಿಂದ ಜಗತ್ತಿನಲ್ಲಿ ನೂರಾರು ಬಿಟ್ಟಿ ಆಟಗಳು ಹುಟ್ಟಿದವು. ಮುಂದೆ 1999ರ 'ಎವರ್‌ಕ್ವೆಸ್ಟ್', 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಮೊದಲಾದ ದೊಡ್ಡ ಚಿತ್ರದ ಆಟಗಳು ನಡೆದದ್ದು ಬರಹದ ಆಟಗಳು ಹಾಕಿಕೊಟ್ಟ ಹಾದಿಯಲ್ಲಿಯೇ.

5. ಇಲ್ಲದ ಬಟ್ಟೆಗೆ ಬೆಲೆ ಏಕೆ?

ತಿರುಪ್ಪೂರಿನಲ್ಲಿ ಹತ್ತು ಸಾವಿರ ಬನಿಯನ್ ಹೊಲಿದ ಮೇಲೆ, ಹತ್ತು ಸಾವಿರದ ಒಂದನೆಯದಕ್ಕೂ ನೂಲು ಬೇಕು, ಬಣ್ಣ ಬೇಕು, ಹೊಲಿಯುವ ಕೈ ಬೇಕು. ಆಟದೊಳಗಿನ ಅಂಗಿ ಹಾಗಲ್ಲ. ಒಮ್ಮೆ ಬರೆದರೆ ಮುಗಿಯಿತು. ಮತ್ತೆ ಲಕ್ಷ ಜನಕ್ಕೆ ಮಾರಿದರೂ ನೂಲಿನ ಖರ್ಚಿಲ್ಲ. ಯಂತ್ರ ನಡೆಸುವ ಖರ್ಚು, ಬರೆಯುವವರ ಸಂಬಳ ಇವು ಇದ್ದೇ ಇವೆ. ಅವರೂ ದುಡಿಯುವವರೇ, ಅವರಿಗೂ ಕೂಲಿ ಸಲ್ಲಬೇಕು. ಆದರೆ ಒಂದು ಅಂಗಿಯ ಬೆಲೆಗೂ ಆ ಅಂಗಿಯ ಖರ್ಚಿಗೂ ನೇರವಾದ ಸಂಬಂಧವಿಲ್ಲ.

ಹಾಗಾದರೆ ಹುಡುಗ ಕೊಂಡದ್ದೇನನ್ನು? ನಾವು ಅವನನ್ನೇ ಕೂರಿಸಿಕೊಂಡು ಕೇಳಿದೆವು. ಈ ಬಾರಿ ಗದರಲಿಲ್ಲ. ಅವನೆಂದನು: "ನಮ್ಮ ಗುಂಪಿನಲ್ಲಿ ಎಲ್ಲರ ಹತ್ತಿರವೂ ಇತ್ತು ಸಾರ್. ಇಲ್ಲದವನನ್ನು ಸೇರಿಸುವುದಿಲ್ಲ." ಅವನು ಅಂಗಿ ಕೊಳ್ಳಲಿಲ್ಲ, ಗೆಳೆಯರ ನಡುವೆ ಒಂದು ಸ್ಥಾನ ಕೊಂಡನು. ನಿಜವಾದ ಬಟ್ಟೆಯನ್ನೂ ನಾವು ಚಳಿಗೆ ಮಾತ್ರ ಕೊಳ್ಳುತ್ತೇವೆಯೆ? ದೀಪಾವಳಿಗೆ ಹೊಸ ಅಂಗಿ ಬೇಕೆಂದು ಅಳುವ ಮಗುವಿಗೂ ಬೇಕಾದದ್ದು ನಾಲ್ಕು ಜನರ ಕಣ್ಣೇ.

ಮಾರುವವರು ಇದನ್ನು ಬಲ್ಲರು. ಅವರ ಮೂರು ಉಪಾಯಗಳನ್ನು ನೀವೂ ಬಲ್ಲವರಾಗಬೇಕು. ಒಂದು, ರೂಪಾಯಿಯನ್ನು ಮರೆಸುವುದು: ಮೊದಲು ಆಟದ ನಾಣ್ಯ ಕೊಳ್ಳಬೇಕು, ಆ ನಾಣ್ಯದಿಂದ ಅಂಗಿ. ಅಷ್ಟರಲ್ಲಿ ಅದು ಅಮ್ಮನ ಸಂಬಳವೆಂಬುದು ಮರೆತುಹೋಗಿರುತ್ತದೆ. ಎರಡು, ಅವಸರ ಹುಟ್ಟಿಸುವುದು: "ಇಂದು ಮಾತ್ರ", "ಇನ್ನು ಎರಡೇ ಗಂಟೆ". ಮುಗಿಯದ ಸರಕಿಗೆ ಮುಗಿಯುವ ಗಡುವು! ಮೂರು, ಕಳೆದ ಕಾಲವನ್ನು ತೋರಿಸಿ ಕಟ್ಟಿಹಾಕುವುದು: ಆರು ತಿಂಗಳು ಆಡಿ ಏರಿದ ಮೆಟ್ಟಿಲನ್ನು ಬಿಟ್ಟುಹೋಗಲು ಯಾರಿಗೂ ಮನಸ್ಸು ಬಾರದು. ಹುಟ್ಟಿನ ಭೇದವಿಲ್ಲದೆ ಎಲ್ಲರೂ ಏರಲೆಂದು ಕಟ್ಟಿದ ಮೆಟ್ಟಿಲಿನ ಪಕ್ಕದಲ್ಲಿ, ಹಣವುಳ್ಳವನಿಗೆ ಬೇರೊಂದು ಏಣಿಯನ್ನು ಬಾಡಿಗೆಗೆ ಇಟ್ಟರು. ಈ ವ್ಯಾಪಾರದ ದುಃಖದ ಸಂಗತಿ ಇದೇ.

6. ಪೋಷಕರಲ್ಲಿ ಎರಡು ಮಾತು

2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಆನ್‌ಲೈನ್ ಆಟಗಳ ಬಗ್ಗೆ ಒಂದು ಕಾಯ್ದೆಯನ್ನು ಅಂಗೀಕರಿಸಿತು. ಹಣ ಕಟ್ಟಿ ಹಣ ಗೆಲ್ಲುವ ಆಸೆ ತೋರಿಸುವ ಆಟಗಳನ್ನು ಅದು ನಿಷೇಧಿಸುತ್ತದೆ. ಆದರೆ ಬರಿಯ ಅಂಗಿ, ಟೋಪಿ ಮಾರುವ ಆಟ ಬೇರೆ ಬಗೆಯದು. ಆದ್ದರಿಂದ ಎಲ್ಲವನ್ನೂ ಕಾನೂನೇ ಕಾಯಲೆಂದು ಕೂರುವಂತಿಲ್ಲ. ಹಣ ಕಳುಹಿಸುವ ಗುಪ್ತಸಂಖ್ಯೆ ಹೆತ್ತವರಲ್ಲಿಯೇ ಇರಲಿ. ಮುಖ ಕಾಣದ ಗೆಳೆಯನಿಗೆ ಊರು, ಶಾಲೆ, ಭಾವಚಿತ್ರ ಇವಾವುದನ್ನೂ ತಿಳಿಸಬಾರದೆಂದು ಮಕ್ಕಳಿಗೆ ಹೇಳಿರಿ. ಆದರೆ ಮೊಬೈಲನ್ನು ಕಸಿದುಕೊಳ್ಳುವ ಮುಂಚೆ ಒಮ್ಮೆ ಪಕ್ಕದಲ್ಲಿ ಕುಳಿತು, "ಇದು ಏನು ಆಟ, ನಿನ್ನ ಜೊತೆ ಯಾರಿದ್ದಾರೆ?" ಎಂದು ಕೇಳಿರಿ. ನಾವು ಅದನ್ನು ಮೊದಲೇ ಕೇಳದೆ ತಪ್ಪಿದೆವು.

ಇನ್ನೊಂದು ಮಾತು ಭಾಷೆಯದು. ನಮ್ಮ ಮನೆಗಳಲ್ಲಿ ಮಾತು ಕನ್ನಡ, ಬೀದಿಯಲ್ಲಿ ತಮಿಳು. ಎರಡರಲ್ಲೂ ಓದಿದ ನಮಗೆ ಎರಡೂ ಸಂಪತ್ತೇ. ಆದರೆ ಕನ್ನಡ ಬರೆಯುವ ಸಂದರ್ಭವೇ ಮಕ್ಕಳಿಗೆ ಪರೀಕ್ಷೆಯ ಹೊರಗೆ ಇಲ್ಲವಾಗುತ್ತಿದೆ. ಮೊದಲ ಬರಹದ ಆಟಗಳ ಕಾಲದ ಯಂತ್ರಗಳು ಬಳಸುತ್ತಿದ್ದ ಆಸ್ಕಿ ಸಂಕೇತಪಟ್ಟಿಯಲ್ಲಿ 128 ಚಿಹ್ನೆಗಳಿಗಷ್ಟೇ ಸ್ಥಳವಿತ್ತು, ಕನ್ನಡಕ್ಕೆ ಎಡೆಯಿರಲಿಲ್ಲ. 1991ರ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡ ಲಿಪಿಗೂ ಸ್ಥಾನ ದೊರೆಯಿತು. ಚಿತ್ರದ ಆಟವನ್ನು ಕಟ್ಟಲು ದೊಡ್ಡ ಬಂಡವಾಳ ಬೇಕು. ಬರಹದ ಆಟಕ್ಕೆ ಬೇಕಾದದ್ದು ಭಾಷೆ, ತಾಳ್ಮೆ, ಒಂದಿಷ್ಟು ಗಣಕದ ತಿಳಿವಳಿಕೆ. ಕೊಳ್ಳುವವರಾಗಿಯೇ ಉಳಿಯದೆ ಕಟ್ಟುವವರಾಗಲು ಬಡವರ ಮಕ್ಕಳಿಗೂ ತೆರೆದಿರುವ ಬಾಗಿಲು ಇದು.

ಆ ಹುಡುಗನ 1,800 ರೂಪಾಯಿ ಹಿಂದಿರುಗಿ ಬರಲಿಲ್ಲ. ಅವನು ಈಗಲೂ ಆಡುತ್ತಾನೆ, ಕಡಿಮೆಯಾಗಿ. ಆದರೆ ಮಳೆಯ ದಿನದ ನಂತರ ಒಂದು ನೂರು ಪುಟದ ನೋಟುಪುಸ್ತಕದಲ್ಲಿ ತನ್ನದೇ ಆಟಕ್ಕಾಗಿ ಸ್ಥಳಗಳನ್ನು ವರ್ಣಿಸಿ ಬರೆಯತೊಡಗಿದ್ದಾನೆ. ಇದುವರೆಗೆ ಹನ್ನೆರಡು ಸ್ಥಳಗಳಾಗಿವೆ. ಅವುಗಳಲ್ಲೊಂದು ಬನಿಯನ್ ಕಂಪನಿಯ ಹೊಲಿಗೆಯ ಕೋಣೆ. ಅವನ ತಾಯಿಗೆ ಮಾತು ಕನ್ನಡವಾದರೂ ಓದಲು ಬರುವುದು ತಮಿಳು ಮಾತ್ರ. ಆದ್ದರಿಂದ ಅವನೇ ಅದನ್ನು ಓದಿ ಹೇಳಿದನಂತೆ. ತಾಯಿ ಪೂರ್ತಿ ಕೇಳಿ, "ಓವರ್‌ಲಾಕ್ ಮೆಷಿನ್ ಹಾಗೆ ಸದ್ದು ಮಾಡಲ್ಲ ಕಣೋ" ಎಂದು, ಬಾಯಿಂದ ಆ ಸದ್ದನ್ನು ಮಾಡಿ ತೋರಿಸಿದರಂತೆ. ಅವನು ಆ ಸಾಲನ್ನು ಹೊಡೆದು ತಿದ್ದಿದ್ದಾನೆ. ತಿದ್ದಿದ ಪುಟವನ್ನು ನಾವು ನೋಡಿದ್ದೇವೆ.

ಅಭ್ಯಾಸ

1. ಉಡುಕ್ಕೈ ಕಥೆ, ತಾಳಮದ್ದಳೆ, ಬರಹದ ಆಟ ಇವುಗಳಲ್ಲಿ ಕೇಳುವವನ ಪಾತ್ರ ಹೇಗೆ ಬೇರೆ ಬೇರೆ?
2. ಆಟದ ವ್ಯಾಪಾರದ ನಾಲ್ಕು ದಾರಿಗಳಾವುವು? ಪ್ರತಿಯೊಂದಕ್ಕೂ ನಿಮ್ಮ ಊರಿನಿಂದ ಇನ್ನೊಂದು ಹೋಲಿಕೆ ಕೊಡಿರಿ.
3. 'ಇಂದ' ಪ್ರತ್ಯಯವನ್ನು ಎರಡು ಅರ್ಥಗಳಲ್ಲಿ ಬಳಸಿ ನಾಲ್ಕು ಆಜ್ಞಾವಾಕ್ಯಗಳನ್ನು ರಚಿಸಿರಿ.
4. ನಿಮ್ಮ ತಂದೆ ಅಥವಾ ತಾಯಿ ದುಡಿಯುವ ಸ್ಥಳವನ್ನು ಹತ್ತು ವಾಕ್ಯಗಳಲ್ಲಿ ವರ್ಣಿಸಿರಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ಹೇಳಿದಂತೆ ತಿದ್ದಿರಿ.